ರಾಮಾನುಜನ್ ಪವಾಡಪುರುಷರಲ್ಲ

ಪ್ರತಿವರ್ಷ ಡಿಸೆಂಬರ್ 22ರಂದು ನಮ್ಮ ಶಾಲೆಗಳಲ್ಲಿ ಗಣಿತ ದಿನವನ್ನು ಆಚರಿಸುತ್ತೇವೆ. ಶ್ರೀನಿವಾಸ ರಾಮಾನುಜನ್ನರ 125ನೆಯ ಜನ್ಮವರ್ಷದ ನಿಮಿತ್ತ 2012ನ್ನು ಕೇಂದ್ರ ಸರಕಾರ ರಾಷ್ಟ್ರೀಯ ಗಣಿತ ವರ್ಷವೆಂದು ಸಾರಿದಂದಿನಿಂದ ಈ ದಿನಕ್ಕೆ ಶಾಲಾ ಕಾರ್ಯಕ್ರಮಗಳಲ್ಲಿ ಒಂದು ಸ್ಥಾನ ದೊರಕಿದೆ. ಸಂತೋಷದ ಸಂಗತಿಯೇ. ಆದರೆ ಆ ದಿನದ ಭಾಷಣಗಳನ್ನು ಸ್ವಲ್ಪ ಕಿವಿಗೊಟ್ಟು ಕೇಳಬೇಕು. ಬಡ ಕುಟುಂಬದಲ್ಲಿ ಹುಟ್ಟಿದರು, ಪರೀಕ್ಷೆಯಲ್ಲಿ ಫೇಲಾದರು, ಕನಸಿನಲ್ಲಿ ದೇವಿ ಬಂದು ಸೂತ್ರಗಳನ್ನು ಹೇಳಿಕೊಟ್ಟಳು, ಇಂಗ್ಲೆಂಡಿನ ಪಂಡಿತರು ಬೆರಗಾದರು, ಟ್ಯಾಕ್ಸಿಯ ನಂಬರು 1729ರ ಗುಟ್ಟನ್ನು ರೋಗಶಯ್ಯೆಯಲ್ಲಿ ಮಲಗಿಕೊಂಡೇ ಬಿಡಿಸಿದರು, 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಷ್ಟಕ್ಕೆ ಭಾಷಣ ಮುಗಿಯುತ್ತದೆ. ಮಕ್ಕಳು ಚಪ್ಪಾಳೆ ತಟ್ಟಿ, ಮಿಠಾಯಿ ತಿಂದು ಮನೆಗೆ ಹೋಗುತ್ತಾರೆ.

ಈ ಕಥೆಯಲ್ಲಿ ಸುಳ್ಳು ಕಡಿಮೆ, ಬಿಟ್ಟುಹೋದದ್ದು ಬಹಳ. ಹಾಗೆ ಬಿಟ್ಟುಹೋದ ಭಾಗವೇ ನಮ್ಮ ಮಕ್ಕಳಿಗೆ, ಅದರಲ್ಲೂ ಗಡಿನಾಡಿನಲ್ಲಿ ಕನ್ನಡದಲ್ಲಿ ಓದುವ ಮಕ್ಕಳಿಗೆ, ಅತ್ಯಂತ ಅಗತ್ಯವಾದದ್ದು ಎಂಬುದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಪಾಠ ಹೇಳುವ ನನ್ನ ಅಭಿಪ್ರಾಯ.

ರಾಮಾನುಜನ್ನರನ್ನು ನಾವು ಕುಂಭಕೋಣದವರೆಂದೂ ಮದ್ರಾಸಿನವರೆಂದೂ ತಿಳಿದಿದ್ದೇವೆ. ಆದರೆ ಅವರ ತಾಯಿಯ ಕಡೆಯ ಬೇರುಗಳು ತಮಿಳುನಾಡಿನ ಪಶ್ಚಿಮ ಭಾಗದಲ್ಲಿವೆ. ಆ ನೆಲ ಕನ್ನಡಿಗರಿಗೆ ಪರಕೀಯವೇನಲ್ಲ. ಅವರು 1887ರ ಡಿಸೆಂಬರ್ 22ರಂದು ಹುಟ್ಟಿದ್ದು ಈರೋಡಿನಲ್ಲಿ, ಅಜ್ಜನ ಮನೆಯಲ್ಲಿ. ಅಜ್ಜ ಅಲ್ಲಿನ ಮುನ್ಸೀಫ್ ಕೋರ್ಟಿನಲ್ಲಿ ಅಮೀನರಾಗಿದ್ದರು. ತಾಯಿ ಕೋಮಲತ್ತಮ್ಮಾಳ್ ಅವರ ಮನೆದೇವರು ನಾಮಕ್ಕಲ್ಲಿನ ನಾಮಗಿರಿ ತಾಯಾರ್. ನಾಮಕ್ಕಲ್ ಬಹುಕಾಲ ಸೇಲಂ ಜಿಲ್ಲೆಗೆ ಸೇರಿದ್ದ ಊರು. ಹಳೆಯ ಸೇಲಂ ಜಿಲ್ಲೆ ಬಹಳ ವಿಸ್ತಾರವಾದದ್ದು. 1965ರಲ್ಲಿ ಅದರಿಂದ ಧರ್ಮಪುರಿ ಬೇರೆಯಾಯಿತು, 1997ರಲ್ಲಿ ನಾಮಕ್ಕಲ್ ಬೇರೆಯಾಯಿತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ನಮ್ಮಂತೆಯೇ ರಾಜ್ಯದ ಗಡಿಯಾಚೆ ಉಳಿದ ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ಕನ್ನಡ ಕುಟುಂಬಗಳು ಮೊದಲು ಸೇಲಂ, ಆಮೇಲೆ ಧರ್ಮಪುರಿ, ಈಗ ಕೃಷ್ಣಗಿರಿ ಎಂದು ಮೂರು ಜಿಲ್ಲೆಗಳ ಹೆಸರಿನಲ್ಲಿ ವಿಳಾಸ ಬರೆದವರು. ಹೊಸೂರಿನಿಂದ ಹೊರಟರೆ ಕೃಷ್ಣಗಿರಿ, ಧರ್ಮಪುರಿ, ಸೇಲಂ ದಾಟಿ ನಾಮಕ್ಕಲ್ಲಿಗೆ ಒಂದೇ ಹೆದ್ದಾರಿ. ಅಲ್ಲಿ ಒಂದೇ ಬಂಡೆಯ ಬೆಟ್ಟ, ಮೇಲೆ ಕೋಟೆ, ಬುಡದಲ್ಲಿ ಕಲ್ಲು ಕೊರೆದು ಮಾಡಿದ ನರಸಿಂಹಸ್ವಾಮಿಯ ಗುಡಿ, ನಾಮಗಿರಿ ತಾಯಾರ್ ಸನ್ನಿಧಿ, ಎದುರಿಗೆ ಬಯಲಲ್ಲಿ ನಿಂತ ಎತ್ತರದ ಆಂಜನೇಯ. ಯಾತ್ರೆಗೆ ಹೋದವರೆಲ್ಲ ಕಂಡದ್ದೇ.

ಈ ದೇವಿಯ ಮೇಲೆ ರಾಮಾನುಜನ್ನರಿಗೂ ಅವರ ತಾಯಿಗೂ ಅಪಾರ ಭಕ್ತಿ ಇತ್ತು. ತನಗೆ ಸೂತ್ರಗಳು ಹೊಳೆಯುವುದು ದೇವಿಯ ಕೃಪೆಯಿಂದ ಎಂದು ಅವರು ಹೇಳುತ್ತಿದ್ದರೆಂದು ಬಲ್ಲ ಸ್ನೇಹಿತರು ಬರೆದಿದ್ದಾರೆ. ಸಮುದ್ರ ದಾಟುವುದಕ್ಕೆ ತಾಯಿ ಒಪ್ಪಿದ್ದು ಕನಸಿನಲ್ಲಿ ದೇವಿಯ ಅಪ್ಪಣೆಯಾದ ಮೇಲೆ ಎಂಬ ಮಾತೂ ಇದೆ. ಇನ್ನೊಂದು ಪಕ್ಕದಲ್ಲಿ ಕೇಂಬ್ರಿಜಿನ ಪ್ರಾಧ್ಯಾಪಕ ಜಿ. ಎಚ್. ಹಾರ್ಡಿ ಇದ್ದಾರೆ. ರಾಮಾನುಜನ್ನರ ವಿಚಾರಕ್ರಮದಲ್ಲಿ ನಿಗೂಢವಾದದ್ದೇನೂ ಇರಲಿಲ್ಲ, ಬೇರೆ ಗಣಿತಜ್ಞರು ಯೋಚಿಸುವಂತೆಯೇ ಅವರೂ ಯೋಚಿಸುತ್ತಿದ್ದರು ಎಂಬುದು ಹಾರ್ಡಿಯವರ ದೃಢವಾದ ಮತ. ಹಾರ್ಡಿ ದೇವರನ್ನು ನಂಬದವರು, ಆದ್ದರಿಂದ ಅವರ ಮಾತೊಂದನ್ನೇ ಹಿಡಿದುಕೊಳ್ಳುವುದೂ ಸರಿಯಲ್ಲ. ಒಬ್ಬ ಮನುಷ್ಯನ ಭಕ್ತಿ ಅವನದು; ಅದನ್ನು ಅಲ್ಲಗಳೆಯುವ ಅಧಿಕಾರ ನಮಗಿಲ್ಲ. ನನ್ನ ತಕರಾರು ಭಕ್ತಿಯ ಮೇಲಲ್ಲ, ಕಥೆಯನ್ನು ಅಷ್ಟಕ್ಕೇ ನಿಲ್ಲಿಸುವವರ ಮೇಲೆ.

ಏಕೆಂದರೆ ಹಾಗೆ ನಿಲ್ಲಿಸಿದ ಕಥೆ ತರಗತಿಯಲ್ಲಿ ಏನು ಮಾಡುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಲೆಕ್ಕ ಬಿಡಿಸದೆ ಸುಮ್ಮನೆ ಕುಳಿತಿದ್ದ. ಯಾಕೆಂದು ಕೇಳಿದರೆ, “ರಾಮಾನುಜನ್‌ಗೆ ದೇವಿ ಹೇಳಿಕೊಡುತ್ತಿದ್ದಳಲ್ಲ ಸಾರ್, ನಮಗೆ ಯಾರು ಹೇಳಿಕೊಡುತ್ತಾರೆ?” ಎಂದ. ಕುಚೋದ್ಯದ ಮಾತಲ್ಲ. ಗಣಿತವೆಂದರೆ ಹುಟ್ಟಿನಿಂದ ಬರುವ ವರ, ವರ ಸಿಗದವರು ಕಷ್ಟಪಟ್ಟು ಫಲವಿಲ್ಲ ಎಂಬ ತೀರ್ಮಾನಕ್ಕೆ ಆ ಹುಡುಗ ಆಗಲೇ ಬಂದಿದ್ದ. ಮಹಾಪುರುಷರ ಕಥೆ ಹೇಳುವುದು ಮಕ್ಕಳನ್ನು ಎಬ್ಬಿಸಲಿಕ್ಕೆ. ನಾವು ಹೇಳುವ ರೀತಿಯಿಂದ ಅವರು ಕುಳಿತುಬಿಡುವುದಾದರೆ ಹೇಳುವ ರೀತಿಯನ್ನು ಬದಲಾಯಿಸಬೇಕು.

ಹಾಗಾದರೆ ರಾಮಾನುಜನ್ನರ ಕೈಯಲ್ಲಿ ಏನಿತ್ತು? ಮೊದಲನೆಯದಾಗಿ ಪುಸ್ತಕ. ತಂದೆ ಕುಂಭಕೋಣದ ಸೀರೆ ಅಂಗಡಿಯೊಂದರಲ್ಲಿ ಗುಮಾಸ್ತರು. ಸಂಬಳ ಸಾಲದೆ ಮನೆಯಲ್ಲಿ ಕಾಲೇಜು ಹುಡುಗರನ್ನು ಇರಿಸಿಕೊಳ್ಳುತ್ತಿದ್ದರು. ಬಾಲಕ ರಾಮಾನುಜನ್ ಆ ಹುಡುಗರಿಂದ ಅವರಿಗೆ ಬರುತ್ತಿದ್ದ ಗಣಿತವನ್ನೆಲ್ಲ ಕೇಳಿ ಕಲಿತರು. ಹದಿಮೂರರ ಸುಮಾರಿಗೆ ಲೋನಿಯವರ ತ್ರಿಕೋನಮಿತಿಯ ಗ್ರಂಥವನ್ನು ಮುಗಿಸಿದರು. 1903ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಕಾಲೇಜಿನ ಗ್ರಂಥಾಲಯದಿಂದ ಗೆಳೆಯರು ಒಂದು ಪುಸ್ತಕ ತಂದುಕೊಟ್ಟರು. ಅದು ಲಂಡನ್ನಿನಲ್ಲಿ ಹುಡುಗರನ್ನು ಪರೀಕ್ಷೆಗೆ ತಯಾರು ಮಾಡುತ್ತಿದ್ದ ಜಿ. ಎಸ್. ಕಾರ್ ಎಂಬ ಖಾಸಗಿ ಅಧ್ಯಾಪಕರು ಬರೆದ ಸಂಗ್ರಹ. ಅದರಲ್ಲಿ ಸುಮಾರು 5000 ಪ್ರಮೇಯಗಳಿದ್ದವು. ಸಾಧನೆಗಳು ಬಹುತೇಕ ಇರಲಿಲ್ಲ, ಇದ್ದರೂ ಒಂದೆರಡು ಸಾಲು. ಪಂಡಿತರ ಲೆಕ್ಕದಲ್ಲಿ ಅದೇನೂ ಮಹಾಗ್ರಂಥವಲ್ಲ. ಆದರೆ ಒಂದೊಂದು ಪ್ರಮೇಯವನ್ನೂ ತಾನೇ ಸಾಧಿಸಿ ನೋಡಬೇಕೆಂದು ಆ ಹುಡುಗ ಹಟ ತೊಟ್ಟ. ಅಲ್ಲಿಂದ ಮುಂದಿನದೆಲ್ಲ ಆ ಹಟದ ಫಲ.

ಎರಡನೆಯದು ದುಡಿಮೆ. ಕಾಗದ ಕೊಳ್ಳಲು ಹಣವಿಲ್ಲದ್ದರಿಂದ ಲೆಕ್ಕವನ್ನೆಲ್ಲ ಸ್ಲೇಟಿನ ಮೇಲೆ ಮಾಡುತ್ತಿದ್ದರು. ಬಟ್ಟೆಯಿಂದ ಒರೆಸುವುದಕ್ಕೂ ತಾಳ್ಮೆಯಿಲ್ಲದೆ ಮೊಣಕೈಯಿಂದ ಒರೆಸಿ ಒರೆಸಿ ಮೊಣಕೈ ಕಪ್ಪಾಗಿತ್ತು. ಕೊನೆಯ ಫಲಿತಾಂಶವನ್ನು ಮಾತ್ರ ನೋಟುಪುಸ್ತಕಕ್ಕೆ ಇಳಿಸುತ್ತಿದ್ದರು. ನೋಟುಪುಸ್ತಕವನ್ನು ಕಂಡವರಿಗೆ ಸೂತ್ರಗಳು ಆಕಾಶದಿಂದ ಉದುರಿದಂತೆ ತೋರಿದರೆ ಆಶ್ಚರ್ಯವಿಲ್ಲ. ಅಳಿಸಿಹೋದ ಸ್ಲೇಟನ್ನು ಕಂಡವರು ಯಾರು? ದೇವಿಯ ಹೆಸರಿನಲ್ಲಿ ನಾವು ಮರೆಮಾಡುತ್ತಿರುವುದು ಆ ಸ್ಲೇಟನ್ನು.

1911ರಲ್ಲಿ ಭಾರತೀಯ ಗಣಿತ ಸಂಘದ ಪತ್ರಿಕೆಗೆ ಅವರು ಕಳುಹಿಸಿದ ಒಂದು ಪ್ರಶ್ನೆಯನ್ನು ನೋಡಿ. ನಮ್ಮ ಹೈಸ್ಕೂಲು ಮಕ್ಕಳಿಗೂ ಇದು ನಿಲುಕುತ್ತದೆ. ಯಾವ ಸಂಖ್ಯೆಯನ್ನಾದರೂ ಅದಕ್ಕಿಂತ 2 ಹೆಚ್ಚಿನ ಸಂಖ್ಯೆಯಿಂದ ಗುಣಿಸಿ 1 ಕೂಡಿಸಿದರೆ ಅವೆರಡರ ನಡುವಿನ ಸಂಖ್ಯೆಯ ವರ್ಗ ಬರುತ್ತದೆ. 2×4+1=9, ಅದು 3ರ ವರ್ಗ. 3×5+1=16, ಅದು 4ರ ವರ್ಗ. 4×6+1=25, ಅದು 5ರ ವರ್ಗ. ಹಾಗಾದರೆ 3 ಎಂದರೆ 1+2×4ರ ವರ್ಗಮೂಲ. ಅಲ್ಲಿರುವ 4ನ್ನು ತೆಗೆದು ಅದರ ಜಾಗದಲ್ಲಿ 1+3×5ರ ವರ್ಗಮೂಲವನ್ನು ಇಡಬಹುದು. ಆ 5ರ ಜಾಗದಲ್ಲಿ 1+4×6ರ ವರ್ಗಮೂಲವನ್ನು ಇಡಬಹುದು. ಹೀಗೆ ವರ್ಗಮೂಲದೊಳಗೆ ವರ್ಗಮೂಲವಾಗಿ ಸರಪಳಿ ಎಂದೆಂದಿಗೂ ಮುಗಿಯದು. ಅದರ ಬೆಲೆ ಎಷ್ಟು ಎಂಬುದು ಪ್ರಶ್ನೆ. ಆರು ತಿಂಗಳಾದರೂ ಒಬ್ಬ ಓದುಗನಿಂದಲೂ ಉತ್ತರ ಬರಲಿಲ್ಲ. ಕೊನೆಗೆ ರಾಮಾನುಜನ್ನರೇ ಉತ್ತರ ಕೊಟ್ಟರು. ಉತ್ತರ ಬರಿಯ 3! ಇದನ್ನು ಸಂಪೂರ್ಣವಾಗಿ ಸಾಧಿಸಲು ಇನ್ನೂ ಸ್ವಲ್ಪ ಕೆಲಸವಿದೆ. ಆದರೆ ಹೊಳಹು ಇಷ್ಟೇ. ಕರಿಹಲಗೆಯ ಮೇಲೆ ಇದನ್ನು ಮೂರು ಹೆಜ್ಜೆ ಬರೆದು ತೋರಿಸಿದರೆ ನಾಲ್ಕನೆಯ ಹೆಜ್ಜೆಯನ್ನು ಹಿಂದಿನ ಬೆಂಚಿನ ಹುಡುಗಿಯೂ ಹೇಳುತ್ತಾಳೆ. ಅಂದು ಅವಳ ಮುಖದಲ್ಲಿ ಕಾಣುವ ಬೆಳಕು ಭಾಷಣದಿಂದ ಬರುವುದಿಲ್ಲ.

ಇನ್ನು ಪರೀಕ್ಷೆಯ ವಿಚಾರ. ಪರೀಕ್ಷೆಯಲ್ಲಿ ಸೋತರೂ ಮಹಾಪುರುಷನಾಗಬಹುದು ಎಂದು ಹೇಳಲು ನಾವು ರಾಮಾನುಜನ್ನರ ಹೆಸರನ್ನು ಬಳಸುತ್ತೇವೆ. ಇದು ಅಪಾಯದ ಸಮಾಧಾನ. 1904ರಲ್ಲಿ ಹೈಸ್ಕೂಲನ್ನು ಬಹುಮಾನದೊಡನೆ ಮುಗಿಸಿ ವಿದ್ಯಾರ್ಥಿವೇತನ ಪಡೆದು ಕುಂಭಕೋಣದ ಸರಕಾರಿ ಕಾಲೇಜು ಸೇರಿದ ಹುಡುಗ, ಇಂಗ್ಲಿಷಿನಲ್ಲಿ ಎಡವಿ ಆ ವೇತನವನ್ನು ಕಳೆದುಕೊಂಡ. 1905ರಲ್ಲಿ ಮನೆಯವರಿಗೆ ಹೇಳದೆ ವಿಶಾಖಪಟ್ಟಣದ ಕಡೆಗೆ ಓಡಿಹೋದ. ಬಳಿಕ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜು, ಅಲ್ಲಿಯೂ ಎಫ್.ಎ. ಪರೀಕ್ಷೆ ದಾಟಲಿಲ್ಲ. ಮುಂದೆ ಕೆಲಸವಿಲ್ಲ, ಆದಾಯವಿಲ್ಲ, ಹೊಟ್ಟೆಗೂ ಸರಿಯಾಗಿಲ್ಲ. ಹದಿನೆಂಟರಿಂದ ಇಪ್ಪತ್ತೈದರ ತನಕದ ವರ್ಷಗಳು ಗಣಿತಜ್ಞನಿಗೆ ಅತಿ ಮುಖ್ಯವಾದವು, ರಾಮಾನುಜನ್ನರಿಗೆ ಹಾನಿ ಆದದ್ದು ಆ ವರ್ಷಗಳಲ್ಲೇ ಎಂದು ಹಾರ್ಡಿ ಕೊರಗಿದ್ದಾರೆ. ಯೂರೋಪಿನಲ್ಲಿ ಹಿಂದೆಯೇ ಕಂಡುಹಿಡಿದದ್ದನ್ನು ಮತ್ತೆ ಕಂಡುಹಿಡಿಯುವುದರಲ್ಲಿ ಅವರ ಎಷ್ಟೋ ಶ್ರಮ ವ್ಯಯವಾಯಿತು. ಅವರು ಗೆದ್ದದ್ದು ಸೋಲಿನಿಂದಲ್ಲ, ಸೋಲಿನ ಹೊರತಾಗಿಯೂ. ಒಂದು ಭಾಷೆಯ ಹೊಸ್ತಿಲಲ್ಲಿ ಎಡವಿದ ಮಗು ಗಣಿತದಲ್ಲೇ ದಡ್ಡ ಎನಿಸಿಕೊಳ್ಳುವ ದುರ್ದೈವ ನೂರು ವರ್ಷ ಹಿಂದಿನ ಕುಂಭಕೋಣಕ್ಕೆ ಮಾತ್ರ ಸೀಮಿತವಲ್ಲ ಎಂಬುದನ್ನು ಗಡಿನಾಡಿನ ತಂದೆ-ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು, ಕೈಹಿಡಿದು ಎತ್ತಿದ ಜನ. ಭಾಷಣಗಳಲ್ಲಿ ಇವರ ಹೆಸರೇ ಬರುವುದಿಲ್ಲ. 1910ರಲ್ಲಿ ಕೆಲಸ ಕೇಳಿಕೊಂಡು ಬಂದ ರಾಮಾನುಜನ್ನರ ನೋಟುಪುಸ್ತಕವನ್ನು ತೆರೆದು ನೋಡಿದವರು ಡೆಪ್ಯುಟಿ ಕಲೆಕ್ಟರ್ ವಿ. ರಾಮಸ್ವಾಮಿ ಅಯ್ಯರ್. ಭಾರತೀಯ ಗಣಿತ ಸಂಘವನ್ನು 1907ರಲ್ಲಿ ಹುಟ್ಟುಹಾಕಿದವರು ಅವರೇ. ಇಂಥವನನ್ನು ರೆವಿನ್ಯೂ ಇಲಾಖೆಯ ಕೆಳದರ್ಜೆಯ ಗುಮಾಸ್ತಿಕೆಗೆ ಹಾಕಿ ಹಾಳುಮಾಡಲು ಅವರಿಗೆ ಮನಸ್ಸಾಗಲಿಲ್ಲ. ಮದ್ರಾಸಿನ ಗಣಿತದ ಮಿತ್ರರ ಬಳಿಗೆ ಕಳುಹಿಸಿದರು. ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರ ರಾವ್ ತಿಂಗಳಿಗೆ 25 ರೂಪಾಯಿ ತಮ್ಮ ಕೈಯಿಂದ ಕೊಟ್ಟರು. 1912ರ ಮಾರ್ಚಿನಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ 30 ರೂಪಾಯಿ ಸಂಬಳದ ಗುಮಾಸ್ತಿಕೆ ಸಿಕ್ಕಿತು. ಅಲ್ಲಿನ ಮುಖ್ಯ ಲೆಕ್ಕಿಗ ಎಸ್. ನಾರಾಯಣ ಅಯ್ಯರ್ ಗಣಿತ ಬಲ್ಲವರು, ಜೊತೆಯಲ್ಲಿ ಕುಳಿತು ಲೆಕ್ಕ ಮಾಡುತ್ತಿದ್ದವರು. 1913ರ ಜನವರಿ 16ರಂದು ರಾಮಾನುಜನ್ ಹಾರ್ಡಿಗೆ ಪತ್ರ ಬರೆದರು. ಅದಕ್ಕೆ ಮೊದಲು ಕೇಂಬ್ರಿಜಿನ ಇನ್ನಿಬ್ಬರು ಪ್ರಾಧ್ಯಾಪಕರಿಗೆ ಬರೆದು ಫಲ ಕಂಡಿರಲಿಲ್ಲ. ಹಾರ್ಡಿ ಮಾತ್ರ ಗೆಳೆಯ ಲಿಟಲ್‌ವುಡ್‌ನೊಡನೆ ಕುಳಿತು ಓದಿದರು, ಉತ್ತರ ಬರೆದರು. ಅದೇ ವರ್ಷ ಮದ್ರಾಸ್ ವಿಶ್ವವಿದ್ಯಾನಿಲಯ, ಯಾವ ಡಿಗ್ರಿಯೂ ಇಲ್ಲದ ಈ ಗುಮಾಸ್ತನಿಗೆ ನಿಯಮವನ್ನು ಸಡಿಲಿಸಿ ತಿಂಗಳಿಗೆ 75 ರೂಪಾಯಿಯ ಸಂಶೋಧನ ವೇತನ ಕೊಟ್ಟಿತು. 1914ರಲ್ಲಿ ವರ್ಷಕ್ಕೆ 250 ಪೌಂಡಿನ ವೇತನದೊಡನೆ ಇಂಗ್ಲೆಂಡಿಗೆ ಕಳುಹಿಸಿತು. 25, 30, 75: ಈ ಮೂರು ಸಂಖ್ಯೆಗಳನ್ನೂ 1729ರ ಜೊತೆಯಲ್ಲಿ ಮಕ್ಕಳಿಗೆ, ಅದಕ್ಕಿಂತ ಹೆಚ್ಚಾಗಿ ದೊಡ್ಡವರಿಗೆ, ಹೇಳಬೇಕು.

ಕೇಂಬ್ರಿಜಿನಲ್ಲಿ ಅವರು ಮಾಡಿದ ಕೆಲಸದ ಒಂದು ಮಾದರಿಯನ್ನು ನಮ್ಮ ಅಂಗಳದ ಅಡಿಕೆಯಿಂದಲೇ ತೋರಿಸಬಹುದು. ನಾಲ್ಕು ಅಡಿಕೆಗಳನ್ನು ರಾಶಿಗಳಾಗಿ ಎಷ್ಟು ಬಗೆಯಲ್ಲಿ ಹಂಚಬಹುದು? ನಾಲ್ಕೂ ಒಟ್ಟಿಗೆ; ಮೂರು ಮತ್ತು ಒಂದು; ಎರಡು ಮತ್ತು ಎರಡು; ಎರಡು, ಒಂದು, ಒಂದು; ಎಲ್ಲವೂ ಬಿಡಿಬಿಡಿ. ಒಟ್ಟು 5 ಬಗೆ. ಐದು ಅಡಿಕೆಗೆ 7 ಬಗೆ, ಹತ್ತಕ್ಕೆ 42. ನೂರು ಅಡಿಕೆಗೆ 19,05,69,292 ಬಗೆ! ಇನ್ನೂರಕ್ಕೆ ಹೋದರೆ ಸುಮಾರು 4 ಲಕ್ಷ ಕೋಟಿ. ಇನ್ನೂರರ ತನಕದ ಪಟ್ಟಿಯನ್ನು ಮೇಜರ್ ಮ್ಯಾಕ್‌ಮೋಹನ್ ಎಂಬ ಗಣಿತಜ್ಞರು ಕೈಯಲ್ಲೇ ಲೆಕ್ಕ ಹಾಕಿ ತಯಾರಿಸಿದ್ದರು. ಒಂದೊಂದಾಗಿ ಎಣಿಸದೆ ನೇರವಾಗಿ ಉತ್ತರದ ಹತ್ತಿರ ತಲಪುವ ಸೂತ್ರವನ್ನು ರಾಮಾನುಜನ್ ಮತ್ತು ಹಾರ್ಡಿ 1918ರಲ್ಲಿ ಪ್ರಕಟಿಸಿದರು. ಸೂತ್ರದ ಕೆಲವೇ ಪದಗಳನ್ನು ಕೂಡಿಸಿದಾಗ ಇನ್ನೂರರ ಉತ್ತರ ಮ್ಯಾಕ್‌ಮೋಹನ್ನರ ಲೆಕ್ಕಕ್ಕೆ ತಾಳೆಯಾಯಿತು.

ಇದೇ ಪಟ್ಟಿಯನ್ನು ನೋಡುತ್ತಾ ರಾಮಾನುಜನ್ ಇನ್ನೊಂದನ್ನು ಕಂಡರು. 4ಕ್ಕೆ 5 ಬಗೆ, 9ಕ್ಕೆ 30, 14ಕ್ಕೆ 135, 19ಕ್ಕೆ 490. ಸಂಖ್ಯೆ 4ರಲ್ಲಿ ಅಥವಾ 9ರಲ್ಲಿ ಕೊನೆಗೊಂಡರೆ ಹಂಚುವ ಬಗೆಗಳ ಲೆಕ್ಕ ಯಾವಾಗಲೂ 5ರಿಂದ ಭಾಗವಾಗುತ್ತದೆ. ಪಟ್ಟಿ ಮ್ಯಾಕ್‌ಮೋಹನ್ನರ ಮುಂದೆಯೂ ಇತ್ತು, ಹಾರ್ಡಿಯವರ ಮುಂದೆಯೂ ಇತ್ತು. ಕಂಡವರು ರಾಮಾನುಜನ್. ಕಂಡು ಸುಮ್ಮನಾಗದೆ ಅದು ಎಂದೆಂದಿಗೂ ಸತ್ಯವೆಂದು ಸಾಧಿಸಿ 1919ರಲ್ಲಿ ಪ್ರಕಟಿಸಿದರು. ಇಲ್ಲಿ ಒಬ್ಬರು ಬೆವರು ಸುರಿಸಿ ಮಾಡಿದ ಪಟ್ಟಿ ಇದೆ, ಇನ್ನೊಬ್ಬರ ತೀಕ್ಷ್ಣ ದೃಷ್ಟಿ ಇದೆ, ಆಮೇಲೆ ಸಾಧನೆಯ ಶ್ರಮ ಇದೆ. ಪ್ರತಿಭೆ ದೈವದತ್ತವೆಂದೇ ಇಟ್ಟುಕೊಳ್ಳೋಣ; ಅದು ಕೆಲಸ ಮಾಡಲು ಮುಂದೆ ಒಂದು ಪಟ್ಟಿಯಾದರೂ ಬೇಕಲ್ಲ!

1918ರಲ್ಲಿ ಅವರು ರಾಯಲ್ ಸೊಸೈಟಿಯ ಫೆಲೋ ಆದರು. ಅದೇ ವರ್ಷ ಟ್ರಿನಿಟಿ ಕಾಲೇಜಿನ ಫೆಲೋ ಆದ ಮೊದಲ ಭಾರತೀಯರೆನಿಸಿದರು. ಆ ವೇಳೆಗೆ ಆರೋಗ್ಯ ಕೆಟ್ಟಿತ್ತು. 1919ರಲ್ಲಿ ಊರಿಗೆ ಮರಳಿ, 1920ರ ಏಪ್ರಿಲ್ 26ರಂದು ಮದ್ರಾಸಿನಲ್ಲಿ ತೀರಿಕೊಂಡರು. ಕೊನೆಯ ತಿಂಗಳುಗಳಲ್ಲೂ ಬರೆಯುತ್ತಲೇ ಇದ್ದರು. ಹಾಗೆ ಬರೆದ ನೂರಕ್ಕೂ ಮಿಕ್ಕ ಪುಟಗಳು 1976ರಲ್ಲಿ ಟ್ರಿನಿಟಿಯ ಗ್ರಂಥಾಲಯದಲ್ಲಿ ಜಾರ್ಜ್ ಆಂಡ್ರೂಸ್ ಎಂಬ ಅಮೆರಿಕದ ಗಣಿತಜ್ಞರ ಕಣ್ಣಿಗೆ ಬಿದ್ದವು. ಅವರ ನೋಟುಪುಸ್ತಕಗಳ ಸೂತ್ರಗಳಿಗೆ ಸಾಧನೆ ಒದಗಿಸುವ ಕೆಲಸದಲ್ಲಿ ಕನ್ನಡನಾಡಿನ ಪಾಲೂ ಇದೆ. ಎರಡನೆಯ ನೋಟುಪುಸ್ತಕದ 16ನೆಯ ಅಧ್ಯಾಯವನ್ನು ಕುರಿತು 1985ರಲ್ಲಿ ಅಮೆರಿಕದ ಗಣಿತ ಸಂಘ ಪ್ರಕಟಿಸಿದ ಪ್ರಬಂಧದ ಕರ್ತೃಗಳಲ್ಲಿ ಬ್ರೂಸ್ ಬರ್ಂಟ್ ಅವರೊಡನೆ ಮೈಸೂರು ವಿಶ್ವವಿದ್ಯಾನಿಲಯದ ಎಸ್. ಭಾರ್ಗವ ಮತ್ತು ಚಂದ್ರಶೇಖರ ಅಡಿಗ ಅವರ ಹೆಸರುಗಳಿವೆ. ಗಣಿತ ಕನ್ನಡಿಗರಿಗೆ ಹೊಸತೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯ ಕನ್ನಡದಲ್ಲಿ ‘ವ್ಯವಹಾರಗಣಿತ’ವನ್ನು ಬರೆದಿದ್ದಾನೆ.

ಇಷ್ಟೆಲ್ಲ ಹೇಳಿದ್ದು ನಮ್ಮ ಕರ್ತವ್ಯದ ಕಡೆಗೆ ಬರುವುದಕ್ಕಾಗಿ. ಕಾಸರಗೋಡಿನ ಮಗು ಹತ್ತನೆಯ ತರಗತಿಯ ತನಕ ‘ಅವಿಭಾಜ್ಯ ಸಂಖ್ಯೆ’, ‘ವರ್ಗಮೂಲ’ ಎಂದು ಕಲಿತು, ಪ್ಲಸ್ ಟು ವಿಜ್ಞಾನಕ್ಕೆ ಹೋದ ದಿನ ಒಮ್ಮೆಲೇ ಇಂಗ್ಲಿಷಿನ ಕಡಲಿಗೆ ಬೀಳುತ್ತದೆ. ಹೊಸೂರಿನ ಕಡೆಯ ಕನ್ನಡ ಮಗುವಿನ ಮುಂದೆ ಇಂಗ್ಲಿಷಿನ ಜೊತೆಗೆ ತಮಿಳೂ ನಿಂತಿರುತ್ತದೆ. ಗಣಿತಕ್ಕೆ ಭಾಷೆ ಬೇಡ, ಅಂಕೆ ಸಾಕು ಎನ್ನುವವರು ತರಗತಿಯಲ್ಲಿ ಪಾಠ ಹೇಳಿದವರಲ್ಲ. ಚಿಹ್ನೆ ಎಲ್ಲ ಕಡೆಯೂ ಒಂದೇ. ಅರ್ಥವಾಗುವುದು ಮಾತ್ರ ಮಾತಿನಿಂದ.

ಆದುದರಿಂದ ಮೂರು ಸಣ್ಣ ಸಲಹೆಗಳು. ಮೊದಲನೆಯದು, ಪ್ರತಿಯೊಂದು ಕನ್ನಡ ಶಾಲೆಯಲ್ಲಿಯೂ ಊರಿನ ವಾಚನಾಲಯದಲ್ಲಿಯೂ ಪಠ್ಯದಾಚೆಯ ಗಣಿತದ ಪುಸ್ತಕಗಳು ಹತ್ತಾದರೂ ಇರಲಿ. ಬೀರುವಿನಲ್ಲಿ ಬೀಗ ಹಾಕಿಯಲ್ಲ, ಮಕ್ಕಳ ಕೈಗೆ ಸಿಗುವ ಹಾಗೆ. ಎರಡನೆಯದು, ಶಾಲೆಯ ಜಗಲಿಯ ಹಲಗೆಯ ಮೇಲೆ ತಿಂಗಳಿಗೊಂದು ಪ್ರಶ್ನೆ ಬರೆಯೋಣ. ಉತ್ತರ ಹೇಳಲು ಆತುರಪಡದಿರೋಣ. ರಾಮಾನುಜನ್ನರ ಪ್ರಶ್ನೆ ಆರು ತಿಂಗಳು ಕಾದಿತ್ತು. ನಮ್ಮ ಮಕ್ಕಳಿಗೆ ಒಂದು ತಿಂಗಳಾದರೂ ಯೋಚಿಸುವ ಅವಕಾಶ ಬೇಡವೆ? ಮೂರನೆಯದು, ಹತ್ತನೆಯ ತರಗತಿಯ ಕೊನೆಯ ತಿಂಗಳಲ್ಲಿ ಕನ್ನಡದ ಗಣಿತಪದಗಳನ್ನೂ ಅವುಗಳ ಇಂಗ್ಲಿಷ್ ಪದಗಳನ್ನೂ ಎದುರುಬದಿರು ಬರೆದ ಒಂದು ಕೈಪಟ್ಟಿಯನ್ನು ಅಧ್ಯಾಪಕರೇ ಮಾಡಿಕೊಡಲಿ. ಒಳ್ಳೆಯ ಮಗು ಕಂಡರೆ ಮುಂದಿನ ಶಾಲೆಯ ಗಣಿತ ಅಧ್ಯಾಪಕರಿಗೆ ಒಂದು ಮಾತು ಹೇಳಿ ಕಳುಹಿಸಲಿ. ರಾಮಸ್ವಾಮಿ ಅಯ್ಯರ್ ಮಾಡಿದ್ದೂ ಅಷ್ಟೇ. ಇದಕ್ಕೆ ಸರಕಾರದ ಆದೇಶ ಬೇಕಾಗಿಲ್ಲ. ಹಳೆ ವಿದ್ಯಾರ್ಥಿಗಳು, ರಕ್ಷಕ-ಶಿಕ್ಷಕ ಸಂಘದವರು ಮನಸ್ಸು ಮಾಡಿದರೆ ಸಾಕು.

ಈ ಮಾತಿಗೆ ರಾಮಾನುಜನ್ನರದೇ ಸಾಕ್ಷಿಯಿದೆ. ತಮಗೆ ವರ್ಷಕ್ಕೆ 250 ಪೌಂಡು ಕೊಡಲು ಮದ್ರಾಸ್ ವಿಶ್ವವಿದ್ಯಾನಿಲಯ ಮುಂದಾದಾಗ, 1919ರ ಜನವರಿಯಲ್ಲಿ ಇಂಗ್ಲೆಂಡಿನಿಂದ ಅವರು ಒಂದು ಪತ್ರ ಬರೆದರು. ಇಷ್ಟು ಹಣ ತಮಗೆ ಬೇಕಾಗಿಲ್ಲ. ತಂದೆ-ತಾಯಿಗೆ ವರ್ಷಕ್ಕೆ 50 ಪೌಂಡು ಕೊಟ್ಟು, ತಮ್ಮ ಅಗತ್ಯದ ಖರ್ಚು ಕಳೆದು ಉಳಿದದ್ದನ್ನು ಬಡ ಹುಡುಗರ ಮತ್ತು ಅನಾಥರ ಶಾಲಾ ಫೀಸು ಇಳಿಸುವುದಕ್ಕೂ ಶಾಲೆಗಳಿಗೆ ಪುಸ್ತಕ ಒದಗಿಸುವುದಕ್ಕೂ ಬಳಸಬೇಕು ಎಂಬುದು ಆ ಪತ್ರದ ಸಾರಾಂಶ. ತನ್ನನ್ನು ಎತ್ತಿದ್ದು ಯಾವುದು, ಕೆಡವಿದ್ದು ಯಾವುದು ಎಂಬುದನ್ನು ಆ ಮಹಾನುಭಾವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಫೀಸು ಮತ್ತು ಪುಸ್ತಕ! ನಾಮಗಿರಿಯ ಪರಮಭಕ್ತರು ಮಕ್ಕಳಿಗಾಗಿ ಕೇಳಿದ್ದು ಇವೆರಡನ್ನು.

ನಾಮಕ್ಕಲ್ಲಿಗೆ ಹೋದವರು ದೇವಿಗೆ ಭಕ್ತಿಯಿಂದ ಕೈಮುಗಿಯಲಿ. ಮರಳಿ ಬರುವಾಗ ಪ್ರಸಾದದ ಜೊತೆಗೆ ಮನೆಯ ಮಗುವಿಗೆ ಒಂದು ಗಣಿತದ ಪುಸ್ತಕವನ್ನೂ ತರಲಿ.